ಜಲ ಎದ್ದ ಜಾಗ ಬಿಟ್ಟು ಕಟ್ಟಿದ ಮನೆ

ನನ್ನ ಕೈಯಲ್ಲಿರುವುದು ಮನೆ ಕಟ್ಟಿಸುವಾಗ ಬರೆದಿಟ್ಟ ಪುಸ್ತಕ. ಇದರ ಮೊದಲ ಪುಟದಲ್ಲಿ ಸಿಮೆಂಟಿನ ಲೆಕ್ಕವಿಲ್ಲ, ಕಲ್ಲಿನ ಲೆಕ್ಕವೂ ಇಲ್ಲ. ಓದುತ್ತೇನೆ, ಕೇಳಿ: “ಜುಲೈ 9. ಪುನರ್ವಸು ಮಳೆ. ಹಲಸಿನ ಮರದಿಂದ ಮೂಡಣಕ್ಕೆ ಹನ್ನೆರಡು ಹೆಜ್ಜೆಯಲ್ಲಿ ಜಲ ಎದ್ದಿದೆ. ಕಿರುಬೆರಳಿನಷ್ಟು ಧಾರೆ. ನೀರು ತಿಳಿಯಾಗಿದೆ, ಮಣ್ಣು ಬರುತ್ತಿಲ್ಲ. ನಿನ್ನೆ ಇರಲಿಲ್ಲ.” ಮಳೆಗಾಲದಲ್ಲಿ ನೆಲದೊಳಗಿನಿಂದ ನೀರು ಉಕ್ಕಿ ಬರುವುದನ್ನು ನಾವು ಜಲ ಏಳುವುದು ಎನ್ನುತ್ತೇವೆ. ಆ ಜಾಗದಲ್ಲಿ ನಾವು ಅಡುಗೆಮನೆಗೆಂದು ಗೂಟ ಹೊಡೆದಿದ್ದೆವು. ಗೂಟ ಹೊಡೆದದ್ದು ಏಪ್ರಿಲ್‌ನಲ್ಲಿ. ಆಗ ನೆಲ ಬಂಡೆಯಂತೆ ಒಣಗಿತ್ತು, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಕಟ್ಟಡದ ವಿದ್ಯೆ ಕಲಿತವಳಲ್ಲ. ಆದರೆ ಆ ಜುಲೈಯಿಂದ ಮನೆ ಒಕ್ಕಲಾದ ಫೆಬ್ರುವರಿಯವರೆಗೆ ಇಪ್ಪತ್ತು ತಿಂಗಳು, ನಡುವೆ ಆರೇಳು ದಿನ ಬಿಟ್ಟರೆ, ಪ್ರತಿದಿನ ಆ ಜಾಗದಲ್ಲಿ ನಿಂತು ನೋಡಿದ್ದೇನೆ. ನೋಡಿದ್ದನ್ನು ಸಂಜೆ ಬರೆದಿದ್ದೇನೆ. ಇವತ್ತು ನಿಮ್ಮ ಮುಂದೆ ಹೇಳುವುದೆಲ್ಲ ಆ ಬರಹದಿಂದಲೇ. ನಿಮ್ಮಲ್ಲಿ ಅನೇಕರು ಬರುವ ಬೇಸಿಗೆಯಲ್ಲಿ ಪಾಯ ತೆಗೆಯುವವರಿದ್ದೀರಿ ಎಂದು ಗೊತ್ತು. ಖರ್ಚೆಷ್ಟಾಯಿತು ಎಂದು ಕೇಳುವವರಿಗೆ ಆಮೇಲೆ ಪುಸ್ತಕವನ್ನೇ ಕೊಡುತ್ತೇನೆ, ಎಲ್ಲ ಬರೆದಿದೆ. ನಾನು ಮಾತನಾಡಬೇಕೆಂದಿರುವುದು ನೀರಿನ ಬಗ್ಗೆ. ನಮ್ಮ ಸೀಮೆಯಲ್ಲಿ ಮನೆ ಕೆಡುವುದು ಎಲ್ಲಿ ಎಂದು ಹುಡುಕುತ್ತ ಹೋದರೆ ಪ್ರತಿ ಸಲವೂ ಕೊನೆಗೆ ಸಿಗುವುದು ನೀರೇ.

ನಮ್ಮ ಊರು ಶಿವಮೊಗ್ಗ ಜಿಲ್ಲೆಯ ಹೊಸನಗರದಿಂದ ನಗರ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಹಳೆಯ ಮನೆ ಮಣ್ಣಿನ ಗೋಡೆಯದು. ಪ್ರತಿವರ್ಷ ಮೇ ತಿಂಗಳ ಕೊನೆಗೆ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದೆವು. ಗಾಳಿ ಮಳೆಯ ಎರಚಲು ಗೋಡೆಗೆ ಬಡಿಯಬಾರದೆಂದು. ಒಂದು ವರ್ಷ ಕೆಲಸಕ್ಕೆ ಜನ ಸಿಗಲಿಲ್ಲ, ತಟ್ಟಿ ಕಟ್ಟುವುದು ತಡವಾಯಿತು, ಮೃಗಶಿರಾ ಮಳೆ ಮೊದಲೇ ಹಿಡಿಯಿತು. ಆ ಮಳೆಗಾಲ ಮುಗಿಯುವಾಗ ಪಡುವಣ ಗೋಡೆ ಹೊಟ್ಟೆ ಬಿಟ್ಟಿತ್ತು. ಎಂಬತ್ತಾರು ವರ್ಷದ ನಮ್ಮ ಅತ್ತೆ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, “ಇದು ಇನ್ನು ನಿಲ್ಲುವುದಿಲ್ಲ. ಬೇರೆ ಕಟ್ಟಿರಿ” ಎಂದರು. ಹೊಸ ಮನೆಯ ಮಾತು ಶುರುವಾದದ್ದು ಹೀಗೆ.

ಮಗ ಬೆಂಗಳೂರಿನಲ್ಲಿ ಒಂದು ನಕ್ಷೆ ಮಾಡಿಸಿ ತಂದ. ಚೆಂದದ ನಕ್ಷೆ. ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಹೇಗೆ ಹಾಯುತ್ತದೆ, ಎಲ್ಲವನ್ನೂ ಅದರಲ್ಲಿ ಬಾಣದ ಗುರುತಿನಿಂದ ತೋರಿಸಿದ್ದರು. ಮಳೆಯ ಬಾಣ ಮಾತ್ರ ಇರಲಿಲ್ಲ. ಅದು ನಕ್ಷೆ ಬರೆದವರ ಅಲಕ್ಷ್ಯವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಒಂದು ವರ್ಷಕ್ಕೆ ಬೀಳುವುದು ಸುಮಾರು ಸಾವಿರ ಮಿಲಿಮೀಟರ್ ಮಳೆ. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ವರ್ಷದ ಸರಾಸರಿ ಏಳು ಸಾವಿರ ದಾಟುತ್ತದೆ. ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೆಂಗಳೂರಿನ ಎರಡು ವರ್ಷದ ಮಳೆ ಸುರಿಯುವುದು ಸಾಮಾನ್ಯ. ನಮ್ಮ ಶಿವಮೊಗ್ಗ ಪೇಟೆಗೂ ಆಗುಂಬೆಯ ಕಾಲು ಭಾಗ ಮಳೆ ಬೀಳುವುದಿಲ್ಲ. ಒಂದೇ ಜಿಲ್ಲೆ, ಎರಡು ಆಕಾಶ. ಶಿವಮೊಗ್ಗದಲ್ಲಿ ಚೆನ್ನಾಗಿ ನಿಂತಿರುವ ಮನೆಯನ್ನು ನೋಡಿ ಬಂದು ಭಾರೀ ಮಳೆಯ ಹುಲಿಕಲ್ಲು ಘಾಟಿಯ ಬುಡದಲ್ಲಿ ಹಾಗೆಯೇ ಕಟ್ಟಿಸಿದರೆ ಆಗುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಮನೆಯ ಮಾಡು ನೂರೈವತ್ತು ಚದರ ಮೀಟರ್. ಒಂದು ದಿನಕ್ಕೆ ನೂರು ಮಿಲಿಮೀಟರ್ ಮಳೆ ನಮಗೆ ಹೊಸದಲ್ಲ. ಅಂಥ ದಿನ ಮಾಡಿನ ಮೇಲಿನಿಂದ ಇಳಿಯುವುದು ಹದಿನೈದು ಸಾವಿರ ಲೀಟರ್. ನೀರಿನ ದೊಡ್ಡ ಟ್ಯಾಂಕರುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಥ ಒಂದೊಂದು ದಿನವೂ ಅಷ್ಟು ನೀರನ್ನು ನಿಮ್ಮ ಸೂರಿನಡಿ ಸುರಿದು ಹೋದ ಹಾಗೆ. ಅದು ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸದೆ ಗೋಡೆಯ ಬಣ್ಣ ಆರಿಸಲು ಕೂರಬಾರದು. ಈ ಲೆಕ್ಕವನ್ನು ಮಗನ ಎದುರು ಮಾಡಿ ತೋರಿಸಿದ ಮೇಲೆ ಅವನು, “ಅಮ್ಮಾ, ಒಂದು ಮಳೆಗಾಲ ಕಾಯೋಣ” ಎಂದ. ಆ ಒಂದು ಮಾತಿಗೆ ನಾನು ಅವನಿಗೆ ಋಣಿ.

ಆ ಮಳೆಗಾಲ ಪೂರ್ತಿ ನಾವು ಏನನ್ನೂ ಕಟ್ಟಲಿಲ್ಲ. ಕೊಡೆ ಹಿಡಿದು ಜಾಗವನ್ನು ನೋಡಿದೆವು. ನಮ್ಮ ಮುಂದೆ ಮೂರು ಆಯ್ಕೆಗಳಿದ್ದವು. ಗುಡ್ಡದ ನೆತ್ತಿಯ ಬೋಳು ಜಾಗ, ಗದ್ದೆಯ ಅಂಚು, ನಡುವಿನ ಇಳಿಜಾರು. ನೆತ್ತಿಯಲ್ಲಿ ಗಾಳಿ ವಿಪರೀತ, ಬೇಸಿಗೆಯಲ್ಲಿ ನೀರೂ ಇಲ್ಲ. ಗದ್ದೆಯ ಅಂಚಿಗೆ ರಸ್ತೆ ಹತ್ತಿರ, ಸಾಮಾನು ತರುವುದು ಸುಲಭ. ಆದರೆ ಆರಿದ್ರಾ ಮಳೆಯಲ್ಲಿ ಅಲ್ಲಿ ಮೊಣಕಾಲು ಮಟ್ಟ ನೀರು ನಿಂತಿತು. ಉಳಿದದ್ದು ಇಳಿಜಾರು. ಮಲೆನಾಡಿನ ಹಳೆಯ ಮನೆಗಳನ್ನೆಲ್ಲ ನೆನಪಿಸಿಕೊಳ್ಳಿ. ಬೆನ್ನಿಗೆ ಕಾಡು, ಎದುರಿಗೆ ಗದ್ದೆ, ಮಗ್ಗುಲಿನ ಕಣಿವೆಯಲ್ಲಿ ತೋಟ. ಗುಡ್ಡ ಮುಗಿದು ಬಯಲು ಶುರುವಾಗುವ ಆ ಸಣ್ಣ ಏರಿನಲ್ಲಿ ಮನೆ. ಅದನ್ನು ಬಲ್ಲವರು ಆರಿಸಿದ್ದು.

ಇಳಿಜಾರಿನಲ್ಲಿಯೂ ಎಲ್ಲಿ ಎಂಬುದನ್ನು ಜಲ ಹೇಳಿತು. ನಾಲ್ಕು ಕಡೆ ಜಲ ಎದ್ದಿತು. ಪ್ರತಿಯೊಂದಕ್ಕೂ ಒಂದೊಂದು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದೆ. ಅಕ್ಟೋಬರ್ ಹೊತ್ತಿಗೆ ಜಲ ಬತ್ತಿದ್ದರೂ ಬಟ್ಟೆಗಳು ಇದ್ದವು. ಏಪ್ರಿಲ್‌ನಲ್ಲಿ ಹೊಡೆದಿದ್ದ ಗೂಟಗಳನ್ನು ಕಿತ್ತು ಇಡೀ ಮನೆಯನ್ನು ಇಪ್ಪತ್ತೆರಡು ಅಡಿ ಪಡುವಣಕ್ಕೆ ಸರಿಸಿದೆವು. ಕಾಗದದ ಮೇಲೆ ಸರಿಸುವುದಕ್ಕೆ ಖರ್ಚಿಲ್ಲ. ಅಡುಗೆಮನೆಯ ನೆಲದ ಕೆಳಗೆ ಜಲ ಎದ್ದ ಮೇಲೆ ಅದನ್ನು ನಿಲ್ಲಿಸಲು ಯಾವ ರಾಸಾಯನಿಕದಿಂದಲೂ ಆಗದು. ನೆಲ ವರ್ಷಕ್ಕೆ ನಾಲ್ಕು ತಿಂಗಳು ಬೆವರುತ್ತಲೇ ಇರುತ್ತದೆ. ಹಾಗೆ ಬೆವರುವ ಮನೆಗಳು ನಿಮ್ಮ ಊರುಗಳಲ್ಲಿಯೂ ಇವೆ.

ಇಲ್ಲಿ ಧರೆಯ ಬಗ್ಗೆ, ಅಂದರೆ ಗುಡ್ಡ ಕಡಿದಾಗ ಹಿಂದೆ ಉಳಿಯುವ ಕಡಿದಾದ ಮಣ್ಣಿನ ಗೋಡೆಯ ಬಗ್ಗೆ, ಹೇಳಲೇಬೇಕು. ಈಗ ಜೆಸಿಬಿ ಬಂದಿದೆ. ಹಿಂದೆ ಹತ್ತು ಆಳು ಒಂದು ತಿಂಗಳು ಕಡಿಯುತ್ತಿದ್ದ ಗುಡ್ಡವನ್ನು ಅದು ಎರಡು ದಿನದಲ್ಲಿ ಕಡಿದು ಮೈದಾನ ಮಾಡುತ್ತದೆ. ಮನೆಯ ಹಿಂದೆ ಹದಿನೈದು, ಇಪ್ಪತ್ತು ಅಡಿ ಎತ್ತರದ ಧರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ನೋಡಿದರೆ ಕೋಟೆಯ ಹಾಗೆ ಭದ್ರ. ಮಳೆಗಾಲದಲ್ಲಿ ಅದರೊಳಗೆ ನೀರು ಇಳಿದು ಮಣ್ಣಿನ ತೂಕ ಹೆಚ್ಚುತ್ತದೆ, ಕಣ ಕಣಗಳ ಹಿಡಿತ ಸಡಿಲವಾಗುತ್ತದೆ, ಮೇಲಿನ ಮರಗಳನ್ನು ಕಡಿದಿದ್ದರೆ ಬೇರಿನ ಹಿಡಿತವೂ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜಾರಿ ಜನ, ಲಾರಿ, ಅಂಗಡಿಗಳ ಸಮೇತ ಗಂಗಾವಳಿ ನದಿಗೆ ಬಿದ್ದದ್ದನ್ನು ನಾವೆಲ್ಲ ದಿನಗಟ್ಟಲೆ ನೋಡಿದೆವು. ಅದು ದೊಡ್ಡ ಗುಡ್ಡ, ದೊಡ್ಡ ದುರಂತ. ನಮ್ಮ ಹಿತ್ತಲಿನ ಧರೆಗೂ ನೀರು ಮಾಡುವುದು ಅದನ್ನೇ.

ನಾವು ಒಂದೇ ಸಲ ಕಡಿಯಲಿಲ್ಲ. ಐದೈದು ಅಡಿಯ ಎರಡು ಮೆಟ್ಟಿಲು ಮಾಡಿದೆವು, ಪ್ರತಿ ಮೆಟ್ಟಿಲನ್ನೂ ಸ್ವಲ್ಪ ಹಿಂದಕ್ಕೆ ವಾಲಿಸಿದೆವು. ಮೇಲಿನ ಮೆಟ್ಟಿಲಿಗಿಂತ ಮೇಲೆ, ಕಾಡಿನ ಅಂಚಿನಲ್ಲಿ, ಒಂದು ಅಗಳು ತೋಡಿದೆವು. ಗುಡ್ಡದ ನೀರು ಧರೆಗೆ ಬರುವ ಮೊದಲೇ ಆ ಅಗಳು ಅದನ್ನು ಹಿಡಿದು ಮನೆಯನ್ನು ಬಳಸಿ ಹಳ್ಳಕ್ಕೆ ಕೊಂಡೊಯ್ಯುತ್ತದೆ. ಮನೆಗೂ ಧರೆಗೂ ನಡುವೆ ಹದಿನಾಲ್ಕು ಅಡಿ ಬಿಟ್ಟೆವು. “ಅಷ್ಟು ಜಾಗ ಸುಮ್ಮನೆ ಹೋಗುತ್ತದಲ್ಲ ಟೀಚರಮ್ಮಾ” ಎಂದು ಮೇಸ್ತ್ರಿ ಸಂಕಟಪಟ್ಟರು. ಕವಲೇದುರ್ಗದ ಕೋಟೆಗೆ ಹೋದವರು ಅಲ್ಲಿನ ಅರಮನೆಯ ಅಡಿಪಾಯದ ನಡುವೆ ನಿಂತು ನೋಡಿರಬಹುದು. ಗೋಡೆ ಹೋಗಿದೆ, ಮಾಡು ಹೋಗಿದೆ. ಕಲ್ಲಿನಲ್ಲಿ ನೀರಿಗೆಂದು ಮಾಡಿದ ದಾರಿ ಇನ್ನೂ ಇದೆ. ಕೆಳದಿ ಅರಸರ ಕಾಲದ ಕಲ್ಲುಕುಟಿಗರಿಗೆ ನೀರು ಬಿದ್ದ ಮೇಲೆ ಏನು ಮಾಡುವುದು ಎಂಬ ಪ್ರಶ್ನೆ ಇರಲಿಲ್ಲ, ಬೀಳುವ ಮೊದಲೇ ಉತ್ತರ ಕೆತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಮೊದಲು ತೋರಿಸುವುದು ಅದನ್ನೇ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಮೀನಿನ ಪರಿವರ್ತನೆ, ಇ-ಸ್ವತ್ತಿನ ನಮೂನೆ, ಪಂಚಾಯಿತಿಯ ಪರವಾನಗಿ, ಇವಕ್ಕೆಲ್ಲ ನಾವು ಕಾದ ಮಳೆಗಾಲವೇ ಸಾಕಾಯಿತು. ಒಂದು ಎಚ್ಚರಿಕೆ ಮಾತ್ರ. ಬ್ಯಾಂಕು ಸಾಲವನ್ನು ಹಂತ ಹಂತವಾಗಿ ಬಿಡುತ್ತದೆ, ಪಾಯಕ್ಕೆ ಇಷ್ಟು, ಮಾಡಿಗೆ ಇಷ್ಟು ಎಂದು. ಮಾಡಿನ ಹಣ ಜೂನ್‌ನಲ್ಲಿ ಬಂದರೆ ಪ್ರಯೋಜನವಿಲ್ಲ. ಆ ದಿನಗಳನ್ನು ಮೊದಲೇ ಬ್ಯಾಂಕಿನವರ ಜೊತೆ ಕೂತು ಗೊತ್ತು ಮಾಡಿಕೊಳ್ಳಿ.

ದೀಪಾವಳಿ ಕಳೆದ ಮೇಲೆ ಕೆಸರುಕಲ್ಲು ಹಾಕಿದೆವು. ಪಾಯದ ಮೂಲೆಗಳನ್ನು ಗುರುತಿಸಿದ ದಿನ ನನಗೆ ಮರೆಯಲಾಗದ್ದು. ಮೇಸ್ತ್ರಿ ದಾರ ಹಿಡಿದು ಒಂದು ಬದಿಗೆ ಮೂರಡಿ, ಇನ್ನೊಂದು ಬದಿಗೆ ನಾಲ್ಕಡಿ ಅಳೆದು, ಆ ಎರಡು ತುದಿಗಳ ನಡುವೆ ಐದಡಿ ಬರುತ್ತದೆಯೇ ಎಂದು ನೋಡಿದರು. ಬಂದರೆ ಮೂಲೆ ನೇರ. ನಾನು ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಪ್ರಮೇಯವನ್ನು ಅವರು ಕೆಂಪು ಮಣ್ಣಿನ ಮೇಲೆ, ಯಾರಿಂದಲೋ ಕೈಯಿಂದ ಕೈಗೆ ಕಲಿತು, ದಿನವೂ ಮಾಡುತ್ತಿದ್ದರು. ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಆ ದಿನ ಕೆಲಸಕ್ಕೆ ಬಂದಿದ್ದರು. ಅವರಿಗೆ ತರಗತಿಯಲ್ಲಿ ಇದನ್ನು ಹೀಗೆ ದಾರ ಹಿಡಿಸಿ ತೋರಿಸಬೇಕಿತ್ತು ಎಂದು ಮನಸ್ಸಿಗೆ ನೋವಾಯಿತು. ಇಲ್ಲಿ ಶಿಕ್ಷಕರಿದ್ದರೆ ದಯವಿಟ್ಟು ಮಕ್ಕಳನ್ನು ಒಂದು ದಿನ ಪಾಯ ತೆಗೆಯುವ ಜಾಗಕ್ಕೆ ಕರೆದೊಯ್ಯಿರಿ.

ಮಟ್ಟ ನೋಡುವುದಕ್ಕೂ ನೀರೇ ಬೇಕು. ಉದ್ದದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎರಡು ಮೂಲೆಗಳಲ್ಲಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದರ ಪಕ್ಕ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಮೊದಲ ದಿನ ಎಳೆದ ಗೆರೆಯನ್ನು ಮರುದಿನ ಬೆಳಿಗ್ಗೆ ನಾನು ಇನ್ನೊಮ್ಮೆ ಅಳೆಯಿಸಿದೆ. ಈಶಾನ್ಯದ ಮೂಲೆಯಲ್ಲಿ ಒಂದು ಅಂಗುಲ ವ್ಯತ್ಯಾಸ! ಎಲ್ಲರೂ ಗಾಬರಿಯಾದರು. ಪೈಪನ್ನು ಬೆಳಕಿಗೆ ಹಿಡಿದು ನೋಡಿದರೆ ನಡುವೆ ಎಲ್ಲೋ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಗುಳ್ಳೆ ಇದ್ದರೆ ಪೈಪು ಸುಳ್ಳು ಹೇಳುತ್ತದೆ. ಒಂದು ಅಂಗುಲ ಕಡಿಮೆಯಾದ ಪಾಯದ ಮೇಲೆ ಮನೆ ಬೀಳುವುದಿಲ್ಲ, ನಿಜ. ಆದರೆ ಬಚ್ಚಲಿನ ನೀರು ಮೋರಿಗೆ ಹೋಗುವ ಬದಲು ನಡುಮನೆಯ ಕಡೆ ಬರುತ್ತದೆ. ಅಳತೆಯನ್ನು ಎರಡು ಸಲ, ಬೇರೆ ಬೇರೆ ದಿನ, ಬೇರೆಯವರ ಕೈಯಲ್ಲಿ ಮಾಡಿಸಿ.

ಗೋಡೆಗೆ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲನ್ನು ಆರಿಸಿದೆವು. ಕರಾವಳಿಯವರು ಮುರಕಲ್ಲು ಎನ್ನುತ್ತಾರೆ, ಉತ್ತರ ಕನ್ನಡದಲ್ಲಿ ಚಿರೆಕಲ್ಲು. ಇದೇ ದಾರಿಯಾಗಿ ನಗರ, ಇಕ್ಕೇರಿಗಳನ್ನು ನೋಡಿಕೊಂಡು ಹೋದ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು ‘ಲ್ಯಾಟರೈಟ್’ ಎಂದು ಹೆಸರಿಟ್ಟ, 1807ರಲ್ಲಿ ಅದು ಅಚ್ಚಾಯಿತು. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಮಾಡಿದ ಹೆಸರು. ನಮ್ಮವರು ಜಂಬಿಟ್ಟಿಗೆ ಎನ್ನುವಾಗಲೂ ಅದರೊಳಗೆ ಇಟ್ಟಿಗೆಯೇ ಇದೆ, ನೋಡಿ. ನೆಲದಿಂದ ಕಡಿದು ತೆಗೆಯುವಾಗ ಈ ಕಲ್ಲು ಮೆದು, ಗಾಳಿ ಬಿಸಿಲಿಗೆ ಆರುತ್ತ ಹೋದಂತೆ ಗಟ್ಟಿ. ಹಾಗಾಗಿ ಕಡಿದ ಕೂಡಲೇ ತಂದು ಕಟ್ಟಬಾರದು. ಸುತ್ತಿಗೆಯಿಂದ ತಟ್ಟಿದರೆ ಟಣ್ ಎನ್ನಬೇಕು. ಬಿಳಿ ಶೇಡಿ ಮಣ್ಣಿನ ಕಣ್ಣುಗಳು ಹೆಚ್ಚಾಗಿದ್ದರೆ ಆ ಕಲ್ಲು ಬೇಡ, ಮಳೆಯಲ್ಲಿ ಮಣ್ಣು ಕರಗಿ ಕಲ್ಲು ಜೇನುಹಟ್ಟಿಯಾಗುತ್ತದೆ. ಕಟ್ಟುವ ಮೊದಲು ಕಲ್ಲನ್ನು ಚೆನ್ನಾಗಿ ನೆನೆಸಬೇಕು. ಒಣಕಲ್ಲು ಗಾರೆಯ ನೀರನ್ನೆಲ್ಲ ಹೀರಿ ಗಾರೆಯನ್ನು ಪುಡಿ ಮಾಡುತ್ತದೆ.

ಹೊರಗೋಡೆಗೆ ಪ್ಲಾಸ್ಟರ್ ಇಲ್ಲದೆ ಕಲ್ಲನ್ನು ಹಾಗೆಯೇ ಕಾಣುವಂತೆ ಬಿಡಬೇಕೆಂದು ಸೊಸೆಗೆ ಆಸೆ. ಚೆಂದವೇ. ಆದರೆ ನಮ್ಮಲ್ಲಿ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಡುವಣದಿಂದ ಬಡಿಯುವುದು ಹೆಚ್ಚು. ಮೂರು ಗೋಡೆ ಅವಳ ಇಚ್ಛೆಯಂತೆ ಬಿಟ್ಟು ಪಡುವಣದ್ದಕ್ಕೆ ಮಾತ್ರ ಪ್ಲಾಸ್ಟರ್ ಮಾಡಿಸಿ, ಸೂರನ್ನು ನಾಲ್ಕಡಿ ಹೊರಗೆ ಚಾಚಿಸಿದೆವು. ಕಾಂಕ್ರೀಟ್ ಮನೆಗಳು ಬಂದ ಮೇಲೆ ಸೂರು ಒಂದೂವರೆ ಅಡಿಗೆ ಇಳಿದಿರುವುದು ನನಗೆ ಅರ್ಥವಾಗದ ಸಂಗತಿ. ಅಗಲ ಸೂರು ಎಂದರೆ ಗೋಡೆಗೆ ಶಾಶ್ವತವಾಗಿ ಕಟ್ಟಿದ ಸೋಗೆ ತಟ್ಟಿ.

ತೊಟ್ಟಿಯ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಕುಪ್ಪಳಿಯ ಕುವೆಂಪು ಅವರ ಕವಿಮನೆಗೆ ಹೋಗಿಬಂದವರಿಗೆಲ್ಲ ನಡುವೆ ಆಕಾಶ ಕಾಣುವ ಅಂಗಳ ಬೇಕೆನಿಸುತ್ತದೆ, ಮಗನಿಗೂ ಎನಿಸಿತ್ತು. ಒಳಾಂಗಳದ ಮನೆಯಲ್ಲಿ ನಾಲ್ಕೂ ಕಡೆಯ ಮಾಡಿನ ನೀರು ಮನೆಯ ನಡುವೆ ಬೀಳುತ್ತದೆ. ಅದಕ್ಕೆ ತಕ್ಕ ಆಳ, ಕಲ್ಲಿನ ಹಾಸು, ನೀರು ಹೊರಹೋಗಲು ಅಗಲವಾದ ತೂಬು ಬೇಕು. ಆ ತೂಬಿನಲ್ಲಿ ಎಲೆ ಸಿಕ್ಕಿಕೊಂಡರೆ ನಡುರಾತ್ರಿಯಾದರೂ ಎದ್ದು ತೆಗೆಯಲು ಮನೆ ತುಂಬ ಜನ ಇರಬೇಕು. ಹಿಂದೆ ಇದ್ದರು. ನಮ್ಮಲ್ಲಿ ವರ್ಷದ ಹೆಚ್ಚಿನ ದಿನ ಇರುವುದು ಮೂವರು ಮುದುಕರು. ಕೊನೆಗೆ ತೊಟ್ಟಿಯನ್ನು ಇಟ್ಟುಕೊಂಡೆವು, ಅದರ ಮೇಲೆ ಮೂರಡಿ ಎತ್ತರದಲ್ಲಿ ಗಾಜಿನ ಹೆಂಚಿನ ಮಾಡು ಕೂರಿಸಿದೆವು. ಬೆಳಕು, ಗಾಳಿ ಬರುತ್ತವೆ. ಮಳೆಯ ಸದ್ದು ಬರುತ್ತದೆ. ಮಗನಿಗೆ ಈಗಲೂ ಪೂರ್ತಿ ಸಮಾಧಾನವಿಲ್ಲ ಎಂದು ನನಗೆ ಗೊತ್ತು.

ಸ್ಲ್ಯಾಬ್ ಹಾಕಿದ ದಿನದ ಪುಟಗಳು ಹನ್ನೊಂದು. ಏಪ್ರಿಲ್ 22. ಹಿಂದಿನ ದಿನ ಕಂಬಿ ಕಟ್ಟಿದ ಮೇಲೆ, ವಿದ್ಯುತ್ತಿನ ಪೈಪುಗಳನ್ನು ಕೂರಿಸಿದ ಮೇಲೆ, ಪ್ರತಿ ಕೋಣೆಯಲ್ಲೂ ಅಳತೆ ಟೇಪನ್ನು ಚಾಚಿ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟೆ. ಕಾಂಕ್ರೀಟ್ ಬಿದ್ದ ಮೇಲೆ ಪೈಪು ಎಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ, ಫ್ಯಾನಿನ ಕೊಕ್ಕೆಗೆ ತೂತು ಕೊರೆಯುವಾಗ ಆ ಚಿತ್ರ ಬೇಕಾಗುತ್ತದೆ. ಕಂಬಿಯ ಕೆಳಗೆ ಗಾರೆಯ ಸಣ್ಣ ಬಿಲ್ಲೆಗಳನ್ನು ಇಟ್ಟಿದ್ದಾರೆಯೇ ಎಂದು ಬಗ್ಗಿ ನೋಡಿದೆ. ಕಂಬಿ ಹಲಗೆಗೆ ತಾಗಿಕೊಂಡು ಕೂತರೆ ಅದಕ್ಕೆ ಕಾಂಕ್ರೀಟಿನ ಹೊದಿಕೆ ಸಿಗುವುದಿಲ್ಲ. ಸ್ಲ್ಯಾಬಿನಲ್ಲಿ ಕನಿಷ್ಠ 20 ಮಿಲಿಮೀಟರ್ ಹೊದಿಕೆ ಬೇಕು. ನಮ್ಮ ತೇವದ ಗಾಳಿಯಲ್ಲಿ ಹೊದಿಕೆ ಇಲ್ಲದ ಕಂಬಿ ಬೇಗ ತುಕ್ಕು ಹಿಡಿದು, ಉಬ್ಬಿ, ಸೂರಿನ ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಕೆಡವುತ್ತದೆ.

ಬೆಳಿಗ್ಗೆ ಮಿಕ್ಸರ್ ಶುರುವಾಯಿತು. ಆ ದಿನ ನಾನು ಮಾಡಿದ್ದು ಒಂದೇ ಕೆಲಸ. ನೀರಿನ ಬಕೆಟ್ ಪಕ್ಕದಲ್ಲಿ ನಿಂತದ್ದು. ಐವತ್ತು ಕೆಜಿಯ ಒಂದು ಚೀಲ ಸಿಮೆಂಟಿಗೆ ಸುಮಾರು ಇಪ್ಪತ್ತೈದು ಲೀಟರ್ ನೀರು ಎಂದು ಎಂಜಿನಿಯರ್ ಹೇಳಿದ್ದರು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಕಾಂಕ್ರೀಟ್ ಸರಾಗವಾಗಿ ಹರಿಯಲಿ, ಹೊರುವವರಿಗೆ, ಹರಡುವವರಿಗೆ ಸುಲಭವಾಗಲಿ ಎಂದು ಪೈಪಿನಿಂದಲೇ ನೀರು ಬಿಡುವುದು ಎಲ್ಲೆಲ್ಲೂ ಇರುವ ರೂಢಿ. ಬಿಸಿಲಿನಲ್ಲಿ ಬಾಂಡಲಿ ಹೊರುವವರ ಕಷ್ಟ ನನಗೂ ಕಾಣುತ್ತಿತ್ತು. ಆದರೆ ಹೆಚ್ಚಾದ ನೀರು ಆಮೇಲೆ ಆವಿಯಾಗಿ ಹೋದಾಗ ಅದು ಇದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಏಪ್ರಿಲ್‌ನಲ್ಲಿ ನೀರು ಹೊರಹೋದ ಆ ದಾರಿಯಲ್ಲೇ ಜೂನ್‌ನಲ್ಲಿ ಮಳೆ ಒಳಬರುತ್ತದೆ. ಅಳತೆಯ ಬಕೆಟ್ಟಿಗೆ ಗೆರೆ ಎಳೆದು ಕೊಟ್ಟೆ, ಗಂಟೆಗೊಮ್ಮೆ ಎಲ್ಲರಿಗೂ ಮಜ್ಜಿಗೆ ಕೊಡಿಸಿದೆ, ಮಧ್ಯಾಹ್ನ ಕೆಲಸಕ್ಕೆ ಇನ್ನಿಬ್ಬರನ್ನು ಸೇರಿಸಿದೆ. ಗಟ್ಟಿ ಕಾಂಕ್ರೀಟ್ ಬೇಕೆಂದು ಕೇಳುವವರು ಅದನ್ನು ಹೊರುವ ಬೆನ್ನುಗಳ ಸಂಖ್ಯೆಯನ್ನೂ ಹೆಚ್ಚಿಸಬೇಕು.

ಸಂಜೆ ನಾಲ್ಕಕ್ಕೆ ಕೊಡಚಾದ್ರಿಯ ಕಡೆ ಗುಡುಗಿತು. ಬೇಸಿಗೆ ಮಳೆ. ಇನ್ನು ಒಂದು ಕೋಣೆಯಷ್ಟು ಜಾಗ ಬಾಕಿಯಿತ್ತು. ಟಾರ್ಪಾಲುಗಳನ್ನು ತಂದು ಇಟ್ಟುಕೊಂಡಿದ್ದೆವು, ಎಲ್ಲರೂ ಓಡಾಡಿ ಹೊದಿಸಿದೆವು. ಬಡಗಣ ಮೂಲೆಯ ಟಾರ್ಪಾಲನ್ನು ಮಾತ್ರ ಗಾಳಿ ಎತ್ತಿ ಹಾಕಿತು, ಆಗಷ್ಟೇ ಹಾಕಿದ ಕಾಂಕ್ರೀಟಿನ ಮೇಲಿನ ಸಿಮೆಂಟ್ ಹಾಲು ತೊಳೆದು ಜಲ್ಲಿ ಕಾಣತೊಡಗಿತು. ಮರುದಿನ ಅದರ ಮೇಲೆ ಸಿಮೆಂಟ್ ನೀರು ಬಳಿದು ನುಣ್ಣಗೆ ಮಾಡಿದರು. ಕಣ್ಣಿಗೆ ಏನೂ ತಿಳಿಯದಂತಾಯಿತು. ನಾನು ಬೇಡ ಎನ್ನಬೇಕಿತ್ತು, ಆ ಭಾಗವನ್ನು ಕೆರೆದು ಮತ್ತೆ ಸರಿಯಾಗಿ ಮಾಡಿಸಬೇಕಿತ್ತು. ದಣಿದಿದ್ದೆವು, ಸುಮ್ಮನಾದೆವು. ಪುಸ್ತಕದಲ್ಲಿ “ಬಡಗಣ ಮೂಲೆ” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಹಾಕುವಾಗ ಜಿಪುಣತನದಿಂದ ಬಳಸಿದ ನೀರನ್ನು ಹಾಕಿದ ಮೇಲೆ ಧಾರಾಳವಾಗಿ ಕೊಡಬೇಕು. ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ ತೇವ ಇರಬೇಕು, ಹಾರುಬೂದಿ ಬೆರೆಸಿದ್ದಕ್ಕೆ ಹತ್ತು ದಿನ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬೆರೆಸಿದ್ದೇ. ನಾವು ಸ್ಲ್ಯಾಬಿನ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ಹದಿನಾಲ್ಕು ದಿನ ನೀರು ನಿಲ್ಲಿಸಿದೆವು. ಮಲೆನಾಡಿನಲ್ಲಿ ನೀರಿಗೇನು ಬರ ಎಂದುಕೊಳ್ಳಬೇಡಿ. ಮೇ ಮೊದಲ ವಾರ ನಮ್ಮ ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ. ಹಳ್ಳದ ಗುಂಡಿಯಿಂದ ಪಂಪು ಮಾಡಿದೆವು, ಅದೂ ಬತ್ತಿದ ಮೇಲೆ ಪಕ್ಕದ ತೋಟದವರು ಅವರ ಕೆರೆಯಿಂದ ಕೊಟ್ಟರು. ಅವರ ಅಡಿಕೆ ಮರಗಳಿಗೆ ಹೋಗಬೇಕಾದ ನೀರು ಅದು.

ಮಾಡಿನ ವಿಷಯ. ನಮ್ಮ ಕಡೆ ಬರೀ ಚಪ್ಪಟೆ ಸ್ಲ್ಯಾಬ್ ಸಾಲದು, ಅದರ ಮೇಲೆ ಇಳಿಜಾರು ಮಾಡು ಬೇಕು. ಹಳೆಯ ಮನೆಯ ಹೆಂಚುಗಳನ್ನೇ ಬಳಸಿದೆವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕುವವರೆಗೆ ನಮ್ಮ ಊರುಗಳಲ್ಲಿ ಇದ್ದದ್ದು ಸೋಗೆ, ಹುಲ್ಲು, ಇಲ್ಲವೇ ಕುಂಬಾರರ ನಾಡಹೆಂಚು. ಹೆಂಚನ್ನು ಒಂದೊಂದಾಗಿ ಇಳಿಸಿ, ಪಾಚಿ ಉಜ್ಜಿ, ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ ಆರಿಸಿದವರು ನಮ್ಮ ಅತ್ತೆ. ಜಗುಲಿಯಲ್ಲಿ ಕೂತು ಹದಿನೆಂಟು ದಿನ ತಟ್ಟಿದರು. ಬಿರುಕು ಬಿಟ್ಟ ಹೆಂಚು ಬೊದ್ದು ಸದ್ದು ಮಾಡುತ್ತದೆ, ಅವರ ಕಿವಿ ಒಂದನ್ನೂ ತಪ್ಪಿಸಲಿಲ್ಲ. ಇಳಿಜಾರು ಎಷ್ಟಿರಬೇಕು ಎಂಬುದರಲ್ಲಿ ಮಾತ್ರ ಚೌಕಾಸಿ ಬೇಡ. ಇಳಿಜಾರು ಸಾಲದಿದ್ದರೆ ಗಾಳಿಗೆ ನೀರು ಹೆಂಚಿನಡಿಗೆ ಹಿಂದಕ್ಕೆ ಏರುತ್ತದೆ, ಹೆಂಚು ಎಷ್ಟೇ ಗಟ್ಟಿಯಿದ್ದರೂ ಅದರಡಿಯ ಮರದ ರೀಪು ಕೊಳೆಯುತ್ತದೆ.

ಈಗ ಬಾಗಿಲಿನ ಮಾತು. ನಮ್ಮ ಮಾವನವರ ಮನೆತನ ಮೂಲತಃ ಸಾಗರ ತಾಲ್ಲೂಕಿನ ಶರಾವತಿ ಕಣಿವೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮೊದಲೇ ಊರು ಬಿಟ್ಟು ಬಂದವರು. ಬರುವಾಗ ಮನೆಯನ್ನು ಬಿಚ್ಚಿ ತಂದರು. ಹೌದು, ಬಿಚ್ಚಿ. ಮುಂಡಿಗೆ, ತೊಲೆ, ಬಾಗಿಲು, ಎಲ್ಲವನ್ನೂ ಎತ್ತಿನ ಗಾಡಿಯಲ್ಲಿ ಹೇರಿಕೊಂಡು. ಗೋಡೆ ಮಾತ್ರ ಅಲ್ಲಿಯೇ ನಿಂತಿತ್ತು, ಆ ಮೇಲೆ ಹಿನ್ನೀರಿನಲ್ಲಿ ಕರಗಿತು. ಅತ್ತೆ ಆಗ ಹೊಸ ಸೊಸೆ. ಮಾಡಿಲ್ಲದ ಗೋಡೆಗಳ ನಡುವೆ ನಿಂತು ಒಲೆಯ ಬೂದಿ ಬಳಿದು ಬಂದೆ ಎಂದು ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ, ನಾನೂ ಕೇಳಿಲ್ಲ.

ಆ ಹೆಬ್ಬಾಗಿಲು ಹಲಸಿನ ಮರದ್ದು, ಎತ್ತರ ಐದೂವರೆ ಅಡಿ. ಮಗ ಆರಡಿ ಇದ್ದಾನೆ. ಚೌಕಟ್ಟಿನ ಕಾಲಿಗೆ ತುಂಡು ಸೇರಿಸಿ ಎತ್ತರ ಮಾಡಬಹುದೇ ಎಂದು ಕೇಳಿದ. ಬಡಗಿ ಕೆಲಸದ ಆಚಾರ್ರು ಬಾಗಿಲಿನ ಸುತ್ತ ಎರಡು ಸುತ್ತು ಬಂದು, ಜೋಡಣೆಯ ಬೆಣೆಗಳನ್ನು ಮುಟ್ಟಿ ನೋಡಿ, “ಇದರಲ್ಲಿ ಒಂದು ಮೊಳೆ ಇಲ್ಲ. ನಾನು ಉಳಿ ಇಡುವುದಿಲ್ಲ” ಎಂದರು. ಒಂದು ವಾರ ಯಾರೂ ಆ ಮಾತೆತ್ತಲಿಲ್ಲ. ಕೊನೆಗೆ ಹೊರಬಾಗಿಲನ್ನು ಹೊಸದಾಗಿ ಎತ್ತರಕ್ಕೆ ಮಾಡಿಸಿ, ಹಳೆಯದನ್ನು ಜಗುಲಿಯಿಂದ ನಡುಮನೆಗೆ ಹೋಗುವಲ್ಲಿ ಹಾಗೆಯೇ ನಿಲ್ಲಿಸಿದೆವು. ಮೇಲೆ ಉಳಿದ ಜಾಗಕ್ಕೆ ಮರದ ಜಾಲಂದ್ರ ಕೂರಿಸಿದರು. ಬಾಗಿಲು ನಿಲ್ಲಿಸಿದ ದಿನ ಅತ್ತೆ ಅರಿಸಿನ ಕುಂಕುಮ ಹಚ್ಚಿ ಹೊಸ್ತಿಲ ಬಳಿ ತುಂಬ ಹೊತ್ತು ಕೂತಿದ್ದರು. ಮಗ ಈಗ ಬಗ್ಗಿಯೇ ಒಳಗೆ ಬರುತ್ತಾನೆ.

ಜೂನ್ ಬಂತು. ಮಾಡು ಮುಗಿದಿತ್ತು, ಒಳಗೋಡೆಗೆ ಪ್ಲಾಸ್ಟರ್ ಆಗಿರಲಿಲ್ಲ, ಬಣ್ಣ ಇಲ್ಲ, ನೆಲ ಇಲ್ಲ. ಮಳೆಗಾಲದಲ್ಲೂ ಒಳಗೆ ಕೆಲಸ ನಡೆಸಿ ದಸರೆಗೆ ಒಕ್ಕಲಾಗಬಹುದಿತ್ತು. ಬೇಡ ಎಂದೆ. ಆ ಮಳೆಗಾಲ ಮನೆಗೆ ಪರೀಕ್ಷೆ. ಬಣ್ಣ ಬಳಿದ ಮೇಲೆ ಸೋರಿದರೆ ನೀರು ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟ, ಬರಿಗೋಡೆಯಲ್ಲಿ ಸುಲಭ. ಕೆಂಪು ಸೀಮೆಸುಣ್ಣ ಹಿಡಿದು ದಿನವೂ ಒಳಗೆ ಸುತ್ತಿದೆ. ತೇವ ಕಂಡಲ್ಲಿ ಸುತ್ತು ಗೆರೆ, ಪಕ್ಕದಲ್ಲಿ ತಾರೀಕು. ಮರುದಿನ ತೇವ ಹರಡಿದ್ದರೆ ಇನ್ನೊಂದು ಸುತ್ತು. ಸೆಪ್ಟೆಂಬರ್ ಹೊತ್ತಿಗೆ ಇಪ್ಪತ್ತೇಳು ಗುರುತುಗಳಾಗಿದ್ದವು.

ಅವುಗಳಲ್ಲಿ ಹದಿನಾಲ್ಕು ಕಿಟಕಿಗಳ ಬಳಿ. ಆ ಹದಿನಾಲ್ಕಕ್ಕೂ ಕಾರಣ ಎರಡೇ. ಒಂದು, ಕಿಟಕಿಯ ತಳದ ಕಲ್ಲಿಗೆ ಹೊರಗಡೆಗೆ ಇಳಿಜಾರು ಇರಲಿಲ್ಲ, ಚಪ್ಪಟೆಯಾಗಿತ್ತು. ಇನ್ನೊಂದು, ಕಿಟಕಿ ಮೇಲಿನ ಸಜ್ಜದ ಅಡಿಯಲ್ಲಿ ಅಂಚಿನುದ್ದಕ್ಕೂ ಇರಬೇಕಾದ ಸಣ್ಣ ಗೀರು ಇರಲಿಲ್ಲ. ಸಜ್ಜದ ಅಂಚಿಗೆ ಬಂದ ಹನಿ ಕೆಳಗೆ ಬೀಳದೆ ಅಡಿಯನ್ನು ಅಂಟಿಕೊಂಡು ಗೋಡೆಯ ತನಕ ತೆವಳಿ ಬರುತ್ತದೆ. ಅರ್ಧ ಅಂಗುಲದ ಒಂದು ಗೀರು ಇದ್ದರೆ ಹನಿ ಅಲ್ಲಿಯೇ ತಡೆದು ಬೀಳುತ್ತದೆ. ನಾನು ಮಳೆಯಲ್ಲಿ ಸಜ್ಜದ ಕೆಳಗೆ ನಿಂತು ಒಂದೊಂದು ಹನಿಯನ್ನೂ ಗಮನಿಸಿ ಇದನ್ನು ತಿಳಿದೆ. ಮೇಸ್ತ್ರಿಯನ್ನು ಕರೆದು ತೋರಿಸಿದಾಗ ಅವರೂ ಹನಿಯ ಹಿಂದೆ ಕಣ್ಣು ಕೊಂಡೊಯ್ದರು. “ನಮ್ಮ ಅಪ್ಪ ಇದನ್ನು ಬಿಡುತ್ತಿರಲಿಲ್ಲ” ಎಂದರು. ಮಳೆ ನಿಂತ ಮೇಲೆ ಎಲ್ಲ ಸಜ್ಜಗಳಿಗೂ ತಾವೇ ಗೀರು ಮಾಡಿಕೊಟ್ಟರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ನೀವು ಕಟ್ಟಿಸುವ ಮನೆಯಲ್ಲಿ ಇದೊಂದನ್ನಾದರೂ ಮೊದಲೇ ಹೇಳಿ ಮಾಡಿಸಿ, ನನ್ನ ಇವತ್ತಿನ ಮಾತು ಸಾರ್ಥಕ.

ಉಳಿದವು ಪೈಪು ಗೋಡೆ ದಾಟುವ ಜಾಗಗಳು, ಬಚ್ಚಲಿನ ಮೂಲೆ, ಮತ್ತೆ ಆ ಬಡಗಣ ಮೂಲೆ. ಅಲ್ಲಿ ಮಾಡಿನ ಅಂಚಿನಿಂದ ಎರಚಲು ಸ್ಲ್ಯಾಬಿನ ಮೇಲೆ ಬೀಳುತ್ತದೆ, ಕೆಳಗಿನ ಚಾವಣಿಯಲ್ಲಿ ಅಂಗೈಯಗಲ ಕಪ್ಪು.

ಇನ್ನೊಂದು ವಿಷಯ. ನಕ್ಷೆಯನ್ನು ಎಂಜಿನಿಯರ್, ಮಗ, ನಾನು, ಎಲ್ಲರೂ ಹತ್ತಾರು ಸಲ ನೋಡಿದ್ದೆವು. ಅತ್ತೆಗೆ ಅದನ್ನು ಓದಿ ಹೇಳಿದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: “ಪುಷ್ಯ ಮಳೆಯಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ?” ನಮ್ಮಲ್ಲಿ ಯಾರಿಗೂ ಉತ್ತರವಿರಲಿಲ್ಲ. ಒದ್ದೆ ಬಟ್ಟೆ, ಒದ್ದೆ ಕೊಡೆ, ಕಂಬಳಿ, ತೋಟದಿಂದ ಬರುವ ಕೆಸರುಗಾಲು, ಒಣಗಬೇಕಾದ ಕಟ್ಟಿಗೆ, ಇವಕ್ಕೆಲ್ಲ ನಕ್ಷೆಯಲ್ಲಿ ಒಂದು ಚದರ ಅಡಿ ಜಾಗವಿರಲಿಲ್ಲ. ಬಚ್ಚಲು ಒಲೆಯ ಮೇಲೆ ಬಿಸಿ ತಾಗುವಂತೆ ಒಂದು ಅಟ್ಟ ಮಾಡಿಸಿದೆವು, ಅಡುಗೆಮನೆಯ ಹಿಂಬದಿಗೆ ಎಂಟಡಿ ಅಗಲದ ಮುಚ್ಚಿದ ಜಗುಲಿ ಸೇರಿಸಿದೆವು. ಮನೆಯಲ್ಲಿ ಈಗ ಎಲ್ಲರೂ ಹೆಚ್ಚು ಹೊತ್ತು ಇರುವುದು ಆ ಹಿಂದಿನ ಜಗುಲಿಯಲ್ಲೇ. ನಕ್ಷೆ ಮಾಡಿಸುವವರು ಮನೆಯ ಹಿರಿಯ ಹೆಂಗಸರಿಗೆ ಅದನ್ನು ಮೊದಲು ಓದಿ ಹೇಳಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ನೆಲಕ್ಕೆ ಕೋಣೆಗಳಲ್ಲಿ ಕೆಂಪು ಗಾರೆ, ಜಗುಲಿಗೆ ಒರಟು ಕಲ್ಲು. ನುಣುಪು ಟೈಲ್ಸ್ ಒದ್ದೆ ಕಾಲಿಗೆ ಅಪಾಯ, ವಯಸ್ಸಾದವರಿರುವ ಮನೆಯಲ್ಲಿ ಬೇಡವೇ ಬೇಡ. ಫೆಬ್ರುವರಿಯಲ್ಲಿ ಒಕ್ಕಲಾದೆವು. ಮಿಕ್ಸರ್ ನಡೆಸಿದವರು, ಕಂಬಿ ಕಟ್ಟಿದವರು, ಬಾಂಡಲಿ ಹೊತ್ತ ಹೆಂಗಸರು, ಎಲ್ಲರೂ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಹಾಗೆ ಆಗಬೇಕೆಂದು ಅತ್ತೆ ಮೊದಲೇ ಹೇಳಿಟ್ಟಿದ್ದರು.

ಈ ಮಳೆಗಾಲ ಆ ಮನೆಯಲ್ಲಿ ಕಳೆದೆವು. ಆರಿದ್ರಾ ಮಳೆಯ ಒಂದು ರಾತ್ರಿ ಕರೆಂಟು ಹೋಗಿತ್ತು, ಮಳೆ ಒಂದೇ ಸಮನೆ. ಅತ್ತೆ ಕತ್ತಲೆಯಲ್ಲೇ ನನ್ನನ್ನು ಕರೆದು, “ಮೇಲಿನ ಅಗಳು ನೋಡಿದೆಯಾ?” ಎಂದರು. ಕೊಪ್ಪೆ ಹಾಕಿಕೊಂಡು ಟಾರ್ಚ್ ಹಿಡಿದು ಹೋದೆ. ಅಗಳಿನ ತಿರುವಿನಲ್ಲಿ ಒಂದು ಟೊಂಗೆ ಅಡ್ಡ ಬಿದ್ದು ಎಲೆ ಕಟ್ಟಿಕೊಂಡಿತ್ತು, ನೀರು ಧರೆಯ ಕಡೆ ಉಕ್ಕಲು ಇನ್ನು ನಾಲ್ಕು ಬೆರಳು ಇತ್ತು. ಎಳೆದು ತೆಗೆದೆ. ಹಲಸಿನ ಮರದ ಮೂಡಣಕ್ಕೆ, ಅದೇ ಹನ್ನೆರಡು ಹೆಜ್ಜೆಯಲ್ಲಿ, ಜಲ ಎದ್ದು ತನ್ನ ಪಾಡಿಗೆ ಹರಿಯುತ್ತಿತ್ತು. ಈಗ ಅದರ ಸುತ್ತ ಕಲ್ಲು ಜೋಡಿಸಿದ್ದೇವೆ, ಸೊಸೆ ಕೆಸುವಿನ ಗೆಡ್ಡೆ ನೆಟ್ಟಿದ್ದಾಳೆ.

ಇಪ್ಪತ್ತೇಳು ಗುರುತುಗಳಲ್ಲಿ ಇಪ್ಪತ್ತೈದು ಒಣಗಿವೆ. ಬಚ್ಚಲಿನ ಮೂಲೆಯದೊಂದು, ಬಡಗಣ ಮೂಲೆಯದೊಂದು ಬಾಕಿ ಇವೆ. ದೀಪಾವಳಿ ಕಳೆದ ಮೇಲೆ ಮೇಸ್ತ್ರಿ ಬರುತ್ತಾರೆ. ಈ ಸಲ ಆ ಮೂಲೆಯನ್ನು ಕಂಬಿ ಕಾಣುವವರೆಗೆ ಕೆರೆದು ಮಾಡುವುದೆಂದು ಮಾತಾಗಿದೆ. ನೋಡಬೇಕೆನ್ನುವವರು ಆ ವಾರ ಬನ್ನಿ.